ಕಾಲಡಿಗೆ ಏನಿಡುವುದು

ಪಾಂಡೇಶ್ವರದ ಈ ಉಪ್ಪರಿಗೆಗೆ ಹಲಗೆಯ ನೆಲ.
ಬೆಕ್ಕು ನಡೆದರೂ ಕಪಾಟಿನ ಗಾಜಿಗೆ ಗೊತ್ತಾಗುತ್ತದೆ.
ಕೆಳಗೆ ವಾರಿಜಕ್ಕನ ಗ್ರೈಂಡರು,
ನಲವತ್ತು ಕಿಲೋ ಕಲ್ಲು, ಕೇರಿಗೆಲ್ಲ ದೋಸೆ ಹಿಟ್ಟು.
ನಾಲ್ಕಕ್ಕೆ ಅದು ಶುರುವಾದರೆ
ವೀಣೆಯ ರೆಕಾರ್ಡಿನ ಎರಡನೇ ಮಗ್ಗುಲಲ್ಲಿ
ಗೆರೆ ಸವೆದ ಒಂದೇ ಜಾಗದಲ್ಲಿ
ಮುಳ್ಳು ಆಚೆ ಹಾರುತ್ತದೆ,
ಚರಂಡಿ ದಾಟುವ ಶಾಲೆಯ ಮಗುವಿನ ಹಾಗೆ.

ನಾನು ಹಲ್ಲಿನ ಅಚ್ಚು ಮಾಡುವವನು, ಫಳ್ನೀರಿನ ಲ್ಯಾಬಿನಲ್ಲಿ.
ಮೊದಲು ನನ್ನದೇ ಮಾಲನ್ನು ನಂಬಿದೆ:
ಅಚ್ಚಿನ ಗುಲಾಬಿ ಮೇಣ, ನಾಲ್ಕು ಉಂಡೆ, ಕಾಲಡಿಗೆ.
ಬೆಳಗಾಗುವಾಗ ಯಂತ್ರ ತನ್ನದೇ ಭಾರಕ್ಕೆ ಇಳಿದು
ಪೂರ್ವಕ್ಕೆ ವಾಲಿ ಕೂತಿತ್ತು.
ಉಂಡೆಗಳಲ್ಲಿ ಕಾಲಿನ ಗುರುತು ಮಾತ್ರ
ಚೆಂದಕ್ಕೆ ಬಂದಿತ್ತು.

ಹಂಪನಕಟ್ಟೆಯ ಫೆಲಿಕ್ಸ್ ಸಿಕ್ವೇರಾ
ಹಿತ್ತಾಳೆಯ ಮೊನೆಗಾಲು ಕೊಟ್ಟರು.
ಚೂಪಾದಷ್ಟು ಒಳ್ಳೆಯದಂತೆ.
ಸಿಮೆಂಟಿನ ನೆಲಕ್ಕೆ ಇರಬಹುದು;
ನನ್ನ ಹಲಗೆಗೆ ಅದು ಕಿವಿಗೇ ಬಾಯಿಟ್ಟ ಹಾಗೆ,
ಗ್ರೈಂಡರಿನ ಒಂದು ಸುತ್ತೂ ಬಿಡದೆ ಮೇಲೆ ಹೇಳಿತು.
ಕಾರ್ಕಳದ ಕರಿಕಲ್ಲಿನ ಚಪ್ಪಡಿ: ಕುಟ್ಟಿದರೆ ಗಂಟೆ. ಬೇಡ.
ಸ್ಕ್ವಾಷ್ ಚೆಂಡು ಅರ್ಧರ್ಧ ಕೊಯ್ದು ಕವುಚಿ ಇಟ್ಟೆ:
ಮುಚ್ಚಳ ತೆಗೆದರೆ ಸಾಕು,
ಅಳಿವೆಯ ದೋಣಿ.

ದಕ್ಕೆಗೆ ಹೋದೆ. ಬೋಟಿಗೆ ಎಂಜಿನು ಕೂರಿಸುವ ಇದಿನಬ್ಬ
ಎಣ್ಣೆಗೈ ಒರೆಸಿ, ಕರಿ ರಬ್ಬರಿನ ಗಟ್ಟಿಯೊಂದನ್ನು ಎತ್ತಿ ಕೇಳಿದ,
"ನಿನ್ನದರ ತೂಕ ಎಷ್ಟು ಮಾರಾಯ?"
ಐದೂವರೆ ಕಿಲೋ.
"ಇದು ಆರುನೂರಕ್ಕೆ. ನಿನ್ನದು ಬಂದು ಕೂತದ್ದೇ
ಇದಕ್ಕೆ ಗೊತ್ತಾಗ್ಲಿಕ್ಕಿಲ್ಲ.
ಕುಗ್ಗದ ರಬ್ಬರು, ಕಲ್ಲು, ಎರಡೂ ಒಂದೇ.
ಹೊರುವವನಿಗೆ ಸ್ವಲ್ಪ ಭಾರ ಆಗ್ಬೇಕು."
ನಾನು ಮೆಟ್ಟಲಿಳಿಯುವಾಗ ಮತ್ತೆ ಕರೆದ.
"ನಡುಗುದು ಯಾರು? ಅವರ ಕಾಲಿಗೆ ಹಾಕು."

ಹಾಗೆ ಗ್ರೈಂಡರಿನಡಿಗೆ ನಾಲ್ಕು ಚಿಕ್ಕ ಗಟ್ಟಿ ಹೋಯಿತು.
ಮೇಜಿನ ಮೇಲೊಂದು ಲೋಟ ನೀರಿಟ್ಟು ಕಾದೆ:
ಬಳೆಬಳೆಯಾಗಿ ಏಳುತ್ತಿದ್ದ ನೀರು
ಸುಮ್ಮನೆ ನಿಂತಿತು.
ಎರಡು ದಿನ.

ಮೂರನೇ ದಿನ ರಬ್ಬರು ಪೇಪರಿನಲ್ಲಿ ಸುತ್ತಿಕೊಂಡು ವಾಪಸು ಬಂತು,
ಜೊತೆಗೆ ಒಂದು ಡಬ್ಬಿ ಹಿಟ್ಟು.
"ನೆಲ ನಡುಗದಿದ್ರೆ ನನಗೆ ಹದ ತಿಳಿಯುದಿಲ್ಲ ಮಗಾ.
ಉದ್ದು ಏಳುವಾಗ ಒಂದು ಥರ,
ಅಕ್ಕಿ ತರಿ ಉಳಿದ್ರೆ ಒಂದು ಥರ.
ನಿನ್ನೆ ನೀರಾಯ್ತು. ಬೋಳಾರದ ಟೀಚರು ಹಿಂದೆ ಕೊಟ್ರು."
ಅಂಗಾಲಿಗೂ ಒಂದು ಮುಳ್ಳಿರುತ್ತದೆ ಎಂದು
ನನಗೆ ಹೊಳೆದಿರಲಿಲ್ಲ.

ಕೊನೆಗೆ ನೆಲವನ್ನೇ ಬಿಟ್ಟೆ.
ಮುರಕಲ್ಲಿನ ಗೋಡೆಗೆ ಡ್ರಿಲ್ಲು. ಕೆಂಪು ಪುಡಿ
ಹಾಸಿಗೆಗೆ, ಹುಬ್ಬಿಗೆ, ಮುಚ್ಚಿಟ್ಟ ಗಂಜಿಗೆ.
ಎರಡು ಕಬ್ಬಿಣದ ತೋಳು, ಮೇಲೊಂದು ಹಲಸಿನ ಹಲಗೆ.
ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ
ಎಡ ಮೂಲೆಗೆ ಇಸ್ಪೀಟಿನ ಎಲೆ ತುರುಕಿದೆ,
ಕಳಾವರ್ ಎಂಟು, ಆಮೇಲೆ ಅದರ ರಾಣಿ.

ನಾಲ್ಕಾಯಿತು. ಕೆಳಗೆ ಕಲ್ಲು ತಿರುಗಿತು,
ನನ್ನ ಪಾದ ಜುಮ್ಮೆಂದಿತು.
ಮುಳ್ಳು ಆ ಜಾಗಕ್ಕೆ ಬಂತು. ಹಾರಲಿಲ್ಲ.
ಮಳೆಗಾಲವಿಡೀ ನಾನು ಕೇಳದೆ ಹೋದ
ಅಷ್ಟುದ್ದ ಗೆರೆಯಲ್ಲಿ ಇದ್ದದ್ದು ವೀಣೆಯಲ್ಲ,
ಸಭೆಯಲ್ಲಿ ಯಾರದೋ
ಒಂದು ಕೆಮ್ಮು.

ಡಬ್ಬಿ ಕೇಳಲು ಬಂದ ವಾರಿಜಕ್ಕ ಬಾಗಿಲಲ್ಲೇ ನಿಂತರು.
"ಯಾರಿಗದು ಕೆಮ್ಮು?"
ಗೊತ್ತಿಲ್ಲ ಅಂದೆ.
"ಪಾಪ, ತಡೆದು ತಡೆದು ಬಿಟ್ಟದ್ದು. ಇನ್ನೊಮ್ಮೆ ಹಾಕು."
ಮುಳ್ಳೆತ್ತಿ ಹಿಂದಕ್ಕಿಟ್ಟೆ.
ಅವರು ಚಪ್ಪಲಿ ಬಿಟ್ಟು ಒಳಬಂದು
ಬಲಗಾಲನ್ನು ಹಲಗೆಗೆ ಮೆಲ್ಲ ಊರಿ,
ಒಂದು ಗಳಿಗೆ ಕಣ್ಣು ಮುಚ್ಚಿ,
"ಇನ್ನೂ ಹತ್ತು ನಿಮಿಷ ಉಂಟು" ಅಂದರು.